ನಗು ಬಾರದ ನೋವು

ಬೀದಿಯವರೆಲ್ಲ ಅವನನ್ನು ಮಾತಿನಮಲ್ಲ ಎಂದೇ ಕರೆಯುತ್ತಿದ್ದರು. ಬಾಯಿಗೆ ಬೀಗ ಹಾಕಿಕೊಂಡು ಕ್ಷೌರ ಮಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅಂಥವನ ಬಾಯಿಯೂ ಈಚೆಗೆ ಒಣಗಿತ್ತು, ಪಾಪ. ಚೊಚ್ಚಲ ಬಸುರಿ ಹೆಂಡತಿಗೆ ನೋವು ಬಂತೆಂದು ಎರಡು ಸಲ ಆಸ್ಪತ್ರೆಗೆ ಓಡಿ, ಎರಡು ಸಲವೂ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗಿದ್ದ.

"ಇದು ಸುಳ್ಳು ನೋವು ಕಣಪ್ಪಾ," ಎಂದಿದ್ದಳು ಅಲ್ಲಿನ ನರ್ಸಮ್ಮ. "ಎದ್ದು ಓಡಾಡಿದ್ರೆ, ಮಗ್ಗುಲು ಬದಲಿಸಿದ್ರೆ ನಿಂತೋಗತ್ತೆ. ನಿಜವಾದ್ದು ಯಾರ ಮಾತೂ ಕೇಳಲ್ಲ. ಬರ್ತಾ ಬರ್ತಾ ಜೋರಾಗತ್ತೆ, ಬೇಗ ಬೇಗ ಬರತ್ತೆ. ಇವಳು ನೋಡು, ನಿನ್ನ ಜೋಕಿಗೆ ಬಿದ್ದು ಬಿದ್ದು ನಗ್ತಿದ್ದಾಳೆ. ಆ ನಗು ನಿಂತಾಗ ಕರ್ಕೊಂಡು ಬಾ. ನೀರು ಹೋದ್ರೆ, ರಕ್ತ ಕಂಡ್ರೆ ಮಾತ್ರ ಯಾವುದಕ್ಕೂ ಕಾಯ್ಬೇಡ."

ಹೆಂಡತಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಇನ್ನೊಂದ್ಸಲ ಹೋಗಿ ನಗೆಪಾಟಲಾಗಲ್ಲ ನಾನು," ಎಂದು ಹಟ ಹಿಡಿದಳು. ಅವನಿಗೆ ಅದೇ ಹೆದರಿಕೆ. ಈ ಹಟಮಾರಿ ನಿಜವಾದ ನೋವನ್ನೂ ಸುಳ್ಳೆಂದು ನುಂಗಿಕೊಂಡು ಮನೆಯಲ್ಲೇ ಕೂತುಬಿಟ್ಟರೆ ಗತಿಯೇನು?

ಒಂದು ಬೆಳಿಗ್ಗೆ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಟವೆಲ್ ಮಡಿಸುತ್ತಿದ್ದಳು. ಮಡಿಸುತ್ತಿದ್ದ ಕೈ ನಿಂತಿತು.

"ಏನೇ?" ಎಂದ ಅವನು ಹೊರಗಿನಿಂದಲೇ.

"ಏನಿಲ್ಲ, ಅದೇ ಸುಳ್ಳುಬುರುಕ ನೋವು."

ಎದ್ದು ಓಡಾಡಿದಳು. ನೋವು ಜಪ್ಪಯ್ಯ ಅನ್ನಲಿಲ್ಲ. ಹೋದ ಹಾಗೆ ಮಾಡಿ ಮತ್ತೆ ಬಂತು, ಇನ್ನೂ ಜೋರಾಗಿ ಬಂತು. ಗೋಡೆ ಹಿಡಿದು ನಿಂತಳು. ಅವನು ಗಿರಾಕಿಯ ಅರ್ಧ ಗಡ್ಡವನ್ನು ನೊರೆಯಲ್ಲೇ ಬಿಟ್ಟು ಒಳಗೆ ಬಂದು ತನ್ನ ಬ್ರಹ್ಮಾಸ್ತ್ರ ತೆಗೆದ. ಅವಳು ನೂರು ಸಲ ಕೇಳಿ ನೂರು ಸಲವೂ ನಕ್ಕಿದ್ದ ಜೋಕು ಅದು.

"ಬೊಕ್ಕತಲೆಯವನೊಬ್ಬ ಬಂದು, 'ಕಟಿಂಗ್‌ಗೆ ಎಷ್ಟು ಹೊತ್ತಾಗತ್ತೆ?' ಅಂದ. ನಾನಂದೆ, 'ಕತ್ತರಿಸೋಕೆ ಒಂದು ನಿಮಿಷ ಸ್ವಾಮಿ, ಕೂದಲು ಹುಡುಕೋಕೆ ಅರ್ಧ ದಿನ.'"

ಅವಳು ನಗಲಿಲ್ಲ. ಹಲ್ಲು ಕಚ್ಚಿಕೊಂಡು, "ಬಾಯಿ ಮುಚ್ಕೊಂಡು ಗಾಡಿ ಕರೀರಿ," ಎಂದಳು.

ತನ್ನ ಜೋಕು ಕೆಟ್ಟಿದ್ದಕ್ಕೆ ಅವನು ಹಿಗ್ಗಿದ್ದು ಅದೊಂದೇ ದಿನ. ಅರ್ಧ ಗಡ್ಡದ ಗಿರಾಕಿಯೇ ಓಡಿ ಗಾಡಿ ತಂದ.

ಮಧ್ಯಾಹ್ನ ನರ್ಸಮ್ಮ ಅವನನ್ನು ಒಳಗೆ ಕರೆದಳು. ಹೆಂಡತಿ ಸುಸ್ತಾಗಿ ಮಲಗಿದ್ದಳು. ಪಕ್ಕದಲ್ಲಿ ಹೆಣ್ಣುಮಗು, ತಲೆಯಲ್ಲಿ ಹೆಸರಿಗೂ ಒಂದು ಕೂದಲಿಲ್ಲ.

"ನಿಮ್ಮ ಗಿರಾಕಿ ಬಂದಿದ್ದಾಳೆ ನೋಡಿ. ಕೂತ್ಕೊಂಡು ಹುಡುಕಿ, ಅರ್ಧ ದಿನ," ಎಂದು ಹೆಂಡತಿ ಬೆಳಗಿನಿಂದ ಬಾಕಿಯಿದ್ದ ನಗುವನ್ನೆಲ್ಲ ನಕ್ಕಳು.

ಮಾತಿನಮಲ್ಲ ಏನೋ ಹೇಳಲು ಬಾಯಿ ತೆರೆದ. ಬಂದದ್ದು ಅಳು.