ಅರ್ಧ ಗಡ್ಡ

ಬಿಪಿ ಮೆಷೀನು ಎರಡನೇ ಸಲವೂ ಅದೇ ಅಂಕಿ ತೋರಿಸಿದಾಗ ಕ್ಷೌರಿಕ ಅದರ ಗಾಜು ಒರೆಸಿ ನೋಡಿದ. ಕುರ್ಚಿಯಲ್ಲಿ ಕೂತಿದ್ದವನು ಬೇರೆ ಯಾರೂ ಅಲ್ಲ, ಅವನ ಅಕ್ಕನ ಗಂಡ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಆರುತ್ತಿತ್ತು. ಮುಖ ಒಡ್ಡಿಕೊಂಡು ಕೂತಿದ್ದ ಭಾವ ಮಾತಿಗೆ ಮಾತು ಬಂದು, ಎದ್ದಾಗಿನಿಂದ ತಲೆ ಸಿಡಿಯುತ್ತಿದೆ, ಈ ಕನ್ನಡಿ ಒಮ್ಮೊಮ್ಮೆ ಎರಡಾಗಿ ಕಾಣುತ್ತಿದೆ ಎಂದಿದ್ದ. ಅದನ್ನು ಕೇಳಿಯೇ ಇವನು ಕತ್ತಿ ಕೆಳಗಿಟ್ಟು ಅವನ ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದು.

ಎಷ್ಟಿದೆ ಎಂದು ಭಾವ ಕೇಳಿದ. ಇವನು ಮೆಷೀನನ್ನು ತನ್ನ ಕಡೆಗೆ ತಿರುಗಿಸಿಕೊಂಡ.

ಅದು ಅಂಗಡಿಗೆ ಬಂದದ್ದು ಹೋದ ವರ್ಷ. ರೈಲು ಹಳಿಯಾಚೆಯ ದೊಡ್ಡಾಸ್ಪತ್ರೆಯವರೂ ಹಳಿಯೀಚೆಯ ಕಟಿಂಗ್ ಅಂಗಡಿಯವರೂ ಕೈಜೋಡಿಸಿ ಶುರುಮಾಡಿದ ಕಾರ್ಯಕ್ರಮ. ಹಳಿಯ ಈಚೆ ಬದಿಗೆ ಒಂದು ಔಷಧದಂಗಡಿ ಬಿಟ್ಟರೆ ಚಿಕಿತ್ಸೆಗೆ ಬೇರೇನೂ ಇರಲಿಲ್ಲ. ಈಚೆಯವರು ಆಚೆಯವರಿಗಿಂತ ಎಷ್ಟೋ ವರ್ಷ ಮೊದಲೇ ಸಾಯುತ್ತಾರೆ ಎಂದು ತರಬೇತಿಯ ದಿನ ಡಾಕ್ಟರಮ್ಮ ಹೇಳಿದಾಗ, ಹಿಂದೆ ಕೂತಿದ್ದ ಮುದಿ ಕ್ಷೌರಿಕನೊಬ್ಬ ನಾವು ಎಲ್ಲದರಲ್ಲೂ ಸ್ವಲ್ಪ ಅವಸರದವರು ಎಂದು ಎಲ್ಲರನ್ನೂ ನಗಿಸಿದ್ದ. ಆಸ್ಪತ್ರೆಗೆ ಕಾಲಿಡದ ಗಂಡಸೂ ಗಡ್ಡಕ್ಕಂತೂ ಬರುತ್ತಾನಲ್ಲ, ಅಲ್ಲೇ ಹಿಡಿಯಿರಿ ಎಂಬುದು ಆಕೆಯ ಲೆಕ್ಕ. ಅಂಕಿ ಮಿತಿ ಮೀರಿದರೆ ನರ್ಸಿಗೆ ಫೋನ್ ಮಾಡಬೇಕು. ಆಕೆ ಸಾಲಿನಲ್ಲಿ ಕಾಯಿಸದೆ ನೇರ ಒಳಗೆ ಕರೆದುಕೊಳ್ಳುತ್ತಾಳೆ. ಇವನು ಹಾಗೆ ಹಲವರಿಗಾಗಿ ಫೋನ್ ಮಾಡಿದ್ದ. ಆದರೆ ಅವರೆಲ್ಲ ಪರರು. ಇಂಥ ಅಂಕಿಯನ್ನಂತೂ ಯಾರ ತೋಳಿನಲ್ಲೂ ಕಂಡಿರಲಿಲ್ಲ.

ಭಾವ ಬಸ್ಸಿನ ಡ್ರೈವರು. ಇಲ್ಲಿಂದ ನೇರ ಡಿಪೋಗೆ ಹೋಗಿ ಗಾಡಿ ತೆಗೆಯಬೇಕಿತ್ತು. ಅವತ್ತಿನದು ಗುಡ್ಡದ ದಾರಿ.

"ಫೋನ್ ಮುಟ್ಟಬೇಡ," ಎಂದ ಭಾವ, ಇವನ ಕೈ ಜೇಬಿಗೆ ಹೋದದ್ದನ್ನು ಕನ್ನಡಿಯಲ್ಲೇ ನೋಡಿ. "ಡಿಪೋದವರ ಕಿವಿಗೆ ಬಿದ್ರೆ ನನ್ನನ್ನ ಸ್ಟೇರಿಂಗಿಂದ ಇಳಿಸ್ತಾರೆ. ಆಮೇಲೆ ನಿಮ್ಮಕ್ಕನ್ನ ನೀನು ಸಾಕ್ತೀಯೇನೋ?"

"ಭಾವ, ನಿಮಗೆ ಕನ್ನಡಿ ಎರಡು ಕಾಣ್ತಿದೆ. ರಸ್ತೆ ಎಷ್ಟು ಕಾಣುತ್ತೆ?"

ಭಾವ ಕೊರಳಿಗೆ ಸುತ್ತಿದ್ದ ಬಟ್ಟೆಯನ್ನು ಕಿತ್ತೆಸೆದು ಎದ್ದ. ಕೆಲಸದ ಚಿಂತೆಯೊಂದೇ ಆಗಿದ್ದರೆ ಹೇಗೋ ಒಪ್ಪಿಸಬಹುದಿತ್ತು. ಆದರೆ ಈ ಕಾರ್ಯಕ್ರಮಕ್ಕೂ ಮೊದಲು ಭಾವನ ಅಣ್ಣ ತನ್ನ ಕಾಲ ಮೇಲೆಯೇ ನಡೆದುಕೊಂಡು ಆ ಆಸ್ಪತ್ರೆಗೆ ಹೋಗಿದ್ದ. ಹೊತ್ತು ಮುಳುಗುವ ತನಕ ಹೊರಗಿನ ಬೆಂಚಿನಲ್ಲಿ ಕೂತು, ಯಾರೂ ಹೆಸರು ಕೂಗದೆ, ಕೂತಲ್ಲೇ ತಲೆ ವಾಲಿಸಿದ್ದ. ಹೊದಿಸಿ ತಂದ ಹೆಣವನ್ನು ಇಳಿಸಿಕೊಳ್ಳಲು ಕ್ಷೌರಿಕನೂ ಹೆಗಲು ಕೊಟ್ಟಿದ್ದ. ಈಗ ತನ್ನ ಕೈಯಾರೆ ಅಲ್ಲಿಗೆ ಕಳಿಸಿ, ಭಾವ ಮರಳದಿದ್ದರೆ ಅಕ್ಕನಿಗೆ ಯಾವ ಮುಖ ತೋರಿಸುವುದು? ಕಳಿಸದೆ, ತುಂಬಿದ ಬಸ್ಸು ಗುಡ್ಡದ ತಿರುವಿನಲ್ಲಿ ಉರುಳಿದರೆ? ಅತ್ತ ದರಿ, ಇತ್ತ ಪುಲಿ.

ಮುಂದಿನದನ್ನು ಅವನು ಯೋಚಿಸಿ ಮಾಡಲಿಲ್ಲ. ಓಡಿಹೋಗಿ ಷಟರನ್ನು ನೆಲದ ತನಕ ಎಳೆದ, ಒಳಗಿನಿಂದಲೇ ಬೀಗ ಹಾಕಿ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದ. ಅಂಗಡಿ ಕತ್ತಲಾಯಿತು, ಕನ್ನಡಿಯ ಮೇಲಿನ ಟ್ಯೂಬ್‌ಲೈಟೊಂದೇ ಉರಿಯುತ್ತಿತ್ತು. ಭಾವ ಕೈ ಎತ್ತಿಕೊಂಡು ಬಂದ. ಇವನಿಗೆ ಸೈಕಲ್ ಕಲಿಸಿದವನು, ಮೊದಲ ಗಿರಾಕಿಯಾಗಿ ತಲೆ ಒಪ್ಪಿಸಿ ಕಿವಿ ಕುಯ್ಯಿಸಿಕೊಂಡರೂ ನಕ್ಕಿದ್ದವನು. ಆತನಿಗೆ ಇವನು ಎಂದೂ ಎದುರಾಡಿದವನಲ್ಲ.

"ಹೊಡೀರಿ ಭಾವ. ಬೀಗದಕೈ ಮಾತ್ರ ಕೊಡಲ್ಲ."

ಏಟು ಬೀಳಲಿಲ್ಲ. ಎತ್ತಿದ ಕೈ ತಾನಾಗಿ ಜೋತುಬಿತ್ತು. ಭಾವ ಏನೋ ಬೈಯಲು ಹೋದ, ನಾಲಿಗೆ ತೊದಲಿತು. ಬೋಳಿಸಿದ ಕಡೆಯ ತುಟಿ ಕೆಳಗೆ ಜಾರುವುದು ಸ್ಪಷ್ಟವಾಗಿ ಕಂಡಿತು. ಕೋಪವೆಲ್ಲ ಇಳಿದ ಆ ಕಣ್ಣುಗಳಲ್ಲಿ, ಬಾವಿಗೆ ಬಿದ್ದವನು ಮೇಲೆ ನೋಡುವಂಥ ದಿಗಿಲು.

ಕ್ಷೌರಿಕ ಅವನನ್ನು ತಬ್ಬಿ ಹಿಡಿದು, ಕತ್ತರಿಸಿದ ಕೂದಲಿನ ಮೇಲೆಯೇ ಮಲಗಿಸಿ ಫೋನ್ ಮಾಡಿದ. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಒಂದು ಹನಿ ನೀರೂ ಹಾಕಬೇಡಿ, ಆಂಬುಲೆನ್ಸ್ ಹೊರಡಿಸುತ್ತೇನೆ ಎಂದಳು ನರ್ಸು. ಬೀಗ ತೆಗೆಯಲು ಹೋದರೆ ಷಟರಿನ ಬುಡದ ಕತ್ತಲಲ್ಲಿ ಬೀಗದ ತೂತು ಕಾಣಲೊಲ್ಲದು. ಹೊರಗೆ ಯಾರೋ ಷಟರ್ ಬಡಿಯುತ್ತಿದ್ದರು, ಒಳಗೆ ಭಾವ ಗೊರಗೊರ ಉಸಿರೆಳೆಯುತ್ತಿದ್ದ. ಆ ಉಸಿರು ನಿಂತುಬಿಟ್ಟರೆ ಎಂದು ಅದಕ್ಕೇ ಕಿವಿಗೊಟ್ಟು ತಡವುತ್ತ, ಕೊನೆಗೆ ಬೀಗದಕೈಯನ್ನು ತೂತಿಗೆ ಕೂರಿಸಿ ತಿರುಗಿಸಿದ.

ಆಸ್ಪತ್ರೆಯ ಬಾಗಿಲಲ್ಲೇ ನರ್ಸು ಕಾದಿದ್ದಳು. ಸ್ಟ್ರೆಚರು ಸಾಲು ಸಾಲು ಬೆಂಚುಗಳನ್ನು ದಾಟಿ ನಿಲ್ಲದೆ ಒಳಗೆ ಹೋಯಿತು. ಸಂಜೆ ಡಾಕ್ಟರಮ್ಮ ಹೊರಗೆ ಬಂದು ಜೀವ ಉಳಿಯಿತು ಎಂದಳು. ಬಲಗೈಯ ವಿಷಯ ಮಾತ್ರ ಈಗಲೇ ಹೇಳಲಾಗದು, ಬಸ್ಸು ಓಡಿಸುವ ಮಾತು ಇನ್ನು ಬಿಡಿ ಎಂದೂ ಸೇರಿಸಿದಳು.

ಅಕ್ಕ ಗೋಡೆಗೊರಗಿ ಕೂತಿದ್ದಳು. ಇವನು ದೂರದಲ್ಲೇ ತಲೆ ತಗ್ಗಿಸಿ ನಿಂತಿದ್ದ.

"ಷಟರ್ ಎಳೆದು ಕೂಡಿಹಾಕಿದೆಯಂತೆ," ಎಂದಳು.

"ಹೂಂ ಅಕ್ಕ."

ಅವಳು ಪಕ್ಕಕ್ಕೆ ಸರಿದು ಕೂತಳು. ಅಷ್ಟು ಜಾಗದಲ್ಲಿ ಅವನು ಮುದುಡಿ ಕೂತ.

ಭಾವನಿಗೆ ಮಾತು ಮರಳುವ ಮೊದಲೇ ಸುದ್ದಿ ಡಿಪೋ ಮುಟ್ಟಿತ್ತು. ವಾರ ಕಳೆದು ಕ್ಷೌರಿಕ ಅಂಗಡಿಗೆ ಬಂದಾಗ ಖಾಕಿ ತೊಟ್ಟ ಡ್ರೈವರುಗಳು ಕೆಲವರು ಹೊರಗೆ ನಿಂತಿದ್ದರು. ಯಾರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅವರಲ್ಲಿ ಯಾರಿಗೂ ಗಡ್ಡ ಬೆಳೆದಿರಲಿಲ್ಲ. ಮುಂದಿದ್ದವನು ಆಗಲೇ ಬಿಪಿ ಪಟ್ಟಿಗೆಂದು ಅಂಗಿಯ ತೋಳು ಮಡಚಿಕೊಂಡು, ರಸ್ತೆಯ ಎರಡೂ ಕಡೆ ಒಮ್ಮೆ ಕಣ್ಣು ಹಾಯಿಸಿದ.