ಐಸಿನ ಗೂಡಿನ ಬೆಳ್ಳುಳ್ಳಿ

ಕೂಟಗಲ್ಲಿನಲ್ಲಿ ಯಾರು ಏನು ಬಿತ್ತುವುದಿದ್ದರೂ ಮೊದಲು ಅಂಕಯ್ಯನ ಜಗಲಿ ಹತ್ತಿ ಒಂದು ಮಾತು ಕೇಳುವುದು ರೂಢಿ. ಈ ವರ್ಷ ಜನ ಆ ಜಗಲಿ ದಾಟಿಕೊಂಡು ಅವನ ತಮ್ಮನ ಹೆಂಡತಿ ಚಿಕ್ಕಲಕ್ಷ್ಮಮ್ಮನ ಮನೆಗೆ ಹೋದರು. ಅಂಕಯ್ಯ ಜಗಲಿಯ ಮೇಲೆ ಒಬ್ಬನೇ ಕೂತು ಹೋಗುವವರನ್ನು ಎಣಿಸಿದ.

ಕಾರಣ ಬೆಳ್ಳುಳ್ಳಿ. ಹೋದ ವರ್ಷ ಇಬ್ಬರೂ ಒಂದೇ ಚೀಲದ ಗಡ್ಡೆ ಹಂಚಿಕೊಂಡು ನೆಟ್ಟಿದ್ದರು. ಅಂಕಯ್ಯನ ಪಾತಿಯಲ್ಲಿ ಬರೀ ಸೊಪ್ಪು. ಕಿತ್ತರೆ ಬುಡದಲ್ಲಿ ಎಸಳೇ ಒಡೆಯದ ಒಂಟಿ ಉಂಡೆ. ಅವಳ ಪಾತಿಯಲ್ಲಿ ಮುಷ್ಟಿ ತುಂಬುವ ಗಡ್ಡೆ.

"ಏನ್ಲಾ ಅಂಕ, ಬೆಳ್ಳುಳ್ಳಿ ಬೆಳ್ದೋ, ಗೋಲಿ ಬೆಳ್ದೋ?" ಎಂದು ಮುನಿಯಪ್ಪ ಟೀ ಅಂಗಡಿಯಲ್ಲಿ ಎಲ್ಲರೆದುರು ನಕ್ಕಿದ್ದ.

ಕೊನೆಗೆ ಅಂಕಯ್ಯ ಹಲ್ಲು ಕಚ್ಚಿಕೊಂಡು ಅವಳನ್ನೇ ಕೇಳಿದ.

"ಅಯ್ಯೋ, ಅದ್ರಾಗೇನೈತೆ ಭಾವ? ನಮ್ ಸೆಕೆ ಅದಕ್ಕಾಗಕಿಲ್ಲ. ನೆಡೋಕ್ ಮುಂಚೆ ಒಂದೂವರೆ ತಿಂಗ್ಳು ಫ್ರಿಜ್ನಾಗೆ, ಕೆಳಗೆ ತರಕಾರಿ ಮಡಗೋ ತಾವ ಮಡಗಿದ್ದೆ, ಅಷ್ಟೆಯ."

ಇಷ್ಟು ಸಲೀಸಾಗಿ ಯಾರಾದರೂ ಗುಟ್ಟು ಬಿಡುತ್ತಾರೆಯೇ? ತಾನಾಗಿದ್ದರೆ ಬಿಡುತ್ತಿರಲಿಲ್ಲ.

"ಕಳ್ಳಿ! ಮಡಗಿರೋದು ಮೇಲೆ, ಐಸಾಗೋ ಗೂಡ್ನಾಗೆ. ನಂಗೆ ಮಾತ್ರ ಕೆಳಗೆ ಅಂತವ್ಳೆ," ಎಂದು ಹೆಂಡತಿ ಕೆಂಚಮ್ಮನ ಮುಂದೆ ಕೂಗಾಡಿ, ಬಿತ್ತನೆ ಗಡ್ಡೆಯನ್ನೆಲ್ಲ ಐಸಿನ ಗೂಡಿಗೆ ತುರುಕಿದ. ಅವಳಿಗಿಂತ ದಪ್ಪ ಬರಲೆಂದು ಎರಡು ತಿಂಗಳು ಬಿಟ್ಟ.

ನೆಡುವ ದಿನ ಹೊರಗೆ ತೆಗೆದಾಗ ಗಡ್ಡೆಗಳು ಕಲ್ಲಿನಂತಿದ್ದವು. ಗಂಡ ಹೆಂಡತಿ ಪಾತಿ ಹದ ಮಾಡಿ ಮುಗಿಸುವಷ್ಟರಲ್ಲಿ ಕರಗಿ, ಬೇಯಿಸಿದಂತೆ ಮೆತ್ತಗಾಗಿ ನೀರು ಬಿಟ್ಟವು. ಪಕ್ಕದ ಹೊಲದಿಂದ ಚಿಕ್ಕಲಕ್ಷ್ಮಮ್ಮ ಬದುವಿಗೆ ಬಂದಳು.

"ಮೇಲೆ ಮಡಗುದ್ರಾ ಭಾವ? ಕೆಳಗೆ ಅಂದಿದ್ನಲ್ಲ! ನಾ ಕೆಳಗೆ ಮಡಗಿದ್ರಾಗೆ ಒಸಿ ಮಿಕ್ಕೈತೆ, ತಕಳಿ."

"ನಿನ್ ಬಿತ್ನೆ ನನ್ ಪಾತಿಗೆ ಬ್ಯಾಡ!"

"ಪಾತಿ ಮಾಡ್ದೋಳು ನಾನೂವೆ. ಇಲ್ ಕೊಡಮ್ಮಿ," ಎಂದು ಕೆಂಚಮ್ಮ ಅವಳ ಕೈಯಲ್ಲಿದ್ದ ಬಿತ್ತನೆ ಚೀಲ ಕಿತ್ತುಕೊಂಡು ನೆಡಲು ಕೂತಳು.

ಶಿವರಾತ್ರಿ ಕಳೆದ ಮೇಲೆ ಕಿತ್ತರು. ಅಂಕಯ್ಯನ ಪಾತಿಯಲ್ಲೂ ಎಸಳು ತುಂಬಿದ ಗಡ್ಡೆ.

"ಪರ್ವಾಗಿಲ್ವೇ ಅಂಕ! ಯಾರ್ ಬಿತ್ನೆಲಾ ಇದು?" ಎಂದ ಮುನಿಯಪ್ಪ.

ಅಂಕಯ್ಯ ಬದುವಿನಾಚೆ ಚಿಕ್ಕಲಕ್ಷ್ಮಮ್ಮನ ರಾಶಿಯನ್ನೇ ನೋಡುತ್ತಿದ್ದ. ಅವಳದು ಇನ್ನೂ ಒಂದು ಬೆರಳು ದಪ್ಪವಿತ್ತು.

"ನೋಡ್ದಾ? ದಪ್ಪನೆವು ತಾನಿಟ್ಕಂಡು ನಮ್ಗೆ ಜೊಳ್ಳು ಕೊಟ್ಟವ್ಳೆ," ಎಂದ ಹೆಂಡತಿಗೆ.