ತಡೆಹಿಡಿದ ಸುದ್ದಿ

ಡುಬ್ಯೂಕ್ ಎಂಬ ಊರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ರೋಗಿಗಳ ಗುಟ್ಟು ಕಾಯುವುದು ಡೀನಾ ಹ್ಯಾವರ್‌ಕ್ಯಾಂಪಳ ಕೆಲಸ. ಕಳ್ಳರು ಕ್ಲಿನಿಕ್ಕಿನ ಕಂಪ್ಯೂಟರಿಗೆ ನುಗ್ಗಿ ಎಲ್ಲರ ಹೆಸರು, ವಿಳಾಸ, ಕಾಯಿಲೆಯ ವಿವರ ದೋಚಿಕೊಂಡು ಹೋದಾಗ, ಅದನ್ನು ರೋಗಿಗಳಿಗೆ ತಿಳಿಸಬೇಕಾದವಳೂ ಅವಳೇ. ತಡಮಾಡದೆ ತಿಳಿಸಿ ಎಂದು ದೇಶದ ಕಾನೂನೂ ಹೇಳುತ್ತಿತ್ತು, ರಾಜ್ಯದ ಕಾನೂನೂ ಹೇಳುತ್ತಿತ್ತು. ಆದರೆ ಎರಡರಲ್ಲೂ ಒಂದು ಕಿಂಡಿಯಿತ್ತು: ತನಿಖೆ ಕೆಡುತ್ತದೆಂದು ಪೊಲೀಸರು ಕೇಳಿಕೊಂಡರೆ ಬಾಯಿ ಮುಚ್ಚಿಕೊಂಡಿರಬೇಕು. ಪೊಲೀಸರು ಕೇಳಿಕೊಂಡಿದ್ದರು.

ಡೀನಾಳನ್ನು ಕಾಡುತ್ತಿದ್ದುದು ಒಂದೇ ಹೆಸರು, ಟ್ವೈಲಾ. ಹೊಡೆಯುವ ಗಂಡನ ಕೈಯಿಂದ ತಪ್ಪಿಸಿಕೊಂಡು ಮಗಳೊಂದಿಗೆ ದೂರದ ಟಲ್ಸಾ ಊರಿನಿಂದ ಓಡಿಬಂದವಳು. ಕ್ಲಿನಿಕ್ಕಿನ ಪಕ್ಕದ ಬೇಕರಿಯಲ್ಲಿ ಕೆಲಸಕ್ಕಿದ್ದಳು; ತಾಯಿ-ಮಗಳಿಬ್ಬರೂ ಕ್ಲಿನಿಕ್ಕಿನ ರೋಗಿಗಳು. ಅವಳ ಹೊಸ ವಿಳಾಸವಿದ್ದದ್ದು ಕ್ಲಿನಿಕ್ಕಿನಲ್ಲಿ ಮಾತ್ರ. ಕದ್ದ ಹೆಸರು-ವಿಳಾಸಗಳಲ್ಲಿ ಒಂದಷ್ಟನ್ನು ಕಳ್ಳರು ಆಗಲೇ ಇಂಟರ್ನೆಟ್ಟಿಗೆ ಹಾಕಿದ್ದರು. ಅವುಗಳಲ್ಲಿ ಟ್ವೈಲಾಳದೂ ಇತ್ತು.

ಡೀನಾ ಕ್ಲಿನಿಕ್ಕಿನ ವಕೀಲ ಸ್ಟ್ರಾಸರನ ಹತ್ತಿರ ಹೋದಳು. "ಅವಳೊಬ್ಳಿಗಾದ್ರೂ ಹೇಳ್ಬಿಡೋಣ."

"ಒಬ್ಳಿಗೆ ಹೇಳಿದ್ರೆ ಊರಿಗೆಲ್ಲ ಡಂಗುರ ಸಾರಿದಂಗೆ. ಕಳ್ರು ಪರಾರಿ, ನಿಮ್ಮ ಕೆಲ್ಸವೂ ಪರಾರಿ."

"ಅವಳ ಗಂಡ ಬಂದ್ರೆ?"

"ಬಂದಾಗ ನೋಡ್ಕೊಳ್ಳೋಣ ಬಿಡ್ರೀ."

ತನಿಖೆಯ ಅಧಿಕಾರಿಗೂ ಫೋನು ಮಾಡಿದಳು. "ವಿಚಾರ ಮಾಡಿ ಹೇಳ್ತೀನಿ" ಎಂದವನು ಮತ್ತೆ ಹೇಳಲೇ ಇಲ್ಲ. ಮನೆಯಲ್ಲಿ ತನ್ನ ಗಂಡ ಏನಾಯಿತೆಂದು ಕೇಳಿದರೂ ಬಾಯಿ ಬಿಡುವಂತಿರಲಿಲ್ಲ. ದಿನಾ ಬೆಳಿಗ್ಗೆ ಬನ್ನು ಕೊಳ್ಳುತ್ತಿದ್ದ ಬೇಕರಿಗೆ ಹೋಗದಿದ್ದರೆ ಟ್ವೈಲಾಗೆ ಅನುಮಾನ ಬರುತ್ತದೆ, ಹೋದರೆ ಅವಳ ಮುಖ ನೋಡಬೇಕಾಗುತ್ತದೆ. ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಟ್ವೈಲಾ ಬನ್ನು ಕಟ್ಟುತ್ತ ತಗ್ಗಿದ ದನಿಯಲ್ಲಿ ಹೇಳಿದಳು: "ಯಾರೋ ಫೋನ್ ಮಾಡಿ ಮಾತಾಡ್ದೆ ಇಟ್ಬಿಡ್ತಾರೆ. ನಂಗೆ ಸುಮ್ನೆ ಭಯಾನಾ, ಡೀನಾ?"

ಡೀನಾ ಪೊಟ್ಟಣ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಹಿಡಿಕೆಯ ಮೇಲೆ ಕೈಯಿಟ್ಟವಳಿಗೆ ಅದನ್ನು ತಿರುಗಿಸಲಾಗಲಿಲ್ಲ. ವಾಪಸು ಬಂದಳು.

"ಮಗೂನ ಕರ್ಕೊಂಡು ಇವತ್ತೇ ಹೊರಡು. ಎಲ್ಲಿಗೆ ಅಂತ ನನ್ಗೂ ಹೇಳ್ಬೇಡ."

ಟ್ವೈಲಾ ಕೌಂಟರಿನಿಂದ ಈಚೆ ಬಂದಳು. "ನಿಮ್ಮಲ್ಲಿಂದ್ಲೇ ಹೋಯ್ತಾ ವಿಳಾಸ?"

"ಹೂಂ."

"ಯಾವಾಗ ಗೊತ್ತಾಯ್ತು ನಿಮ್ಗೆ?"

"ಹೋದ ತಿಂಗ್ಳು."

"ದಿನಾ ಬಂದು ನನ್ನೆದ್ರಿಗೇ ನಿಂತು ಬನ್ ತಗೊಂಡು ಹೋಗ್ತಿದ್ರಲ್ಲ," ಎಂದಳು ಟ್ವೈಲಾ. ಏಪ್ರನ್ ಬಿಚ್ಚಿಟ್ಟು ಹಿಂಬಾಗಿಲಿನಿಂದ ಹೊರಟೇಹೋದಳು.

ಆ ಭಾನುವಾರವೇ ಟ್ವೈಲಾಳ ಗಂಡ ಬಂದು ಅವಳ ಖಾಲಿ ಮನೆಯ ಬಾಗಿಲು ಒಡೆದ. ನೆರೆಯವರು ಪೊಲೀಸರನ್ನು ಕರೆದರು, ಅವನು ಸಿಕ್ಕಿಬಿದ್ದ. ತಾನು ಬಾಯಿಬಿಟ್ಟದ್ದನ್ನು ಡೀನಾ ತಾನಾಗಿಯೇ ಕ್ಲಿನಿಕ್ ನಡೆಸುವ ಡಾಕ್ಟರಿಗೆ ಹೇಳಿದಳು. ಸಂಜೆಯೊಳಗೆ ಅವಳ ಕೆಲಸ ಹೋಯಿತು. ಕಳ್ಳರು ಮಾತ್ರ ಯಾರ ಕೈಗೂ ಸಿಗಲಿಲ್ಲ. ಅದು ತನ್ನಿಂದಲೇ ಆದದ್ದೋ ಅಲ್ಲವೋ ಅವಳಿಗೆ ಇಂದಿಗೂ ತಿಳಿಯದು.

ಚಳಿಗಾಲದಲ್ಲಿ ಒಮ್ಮೆ ಟ್ವೈಲಾಳ ಫೋನು ಬಂತು.

"ಥ್ಯಾಂಕ್ಸ್ ಹೇಳಕ್ಕೆ ಫೋನ್ ಮಾಡ್ಲಿಲ್ಲ," ಎಂದಳು. "ವಿಳಾಸ ಬಿಟ್ಟು ಇನ್ನೇನೇನು ಹೋಗಿದೆ, ಎಲ್ಲಾ ಹೇಳಿ."

ಡೀನಾ ಕುರ್ಚಿ ಎಳೆದುಕೊಂಡು ಕೂತಳು. ಮಗುವಿನ ಹುಟ್ಟಿದ ತಾರೀಖಿನಿಂದ ಶುರುಮಾಡಿ, ಕಳುವಾದದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದಳು.